ವಾರಸುದಾರರು ಗುರುತು ಹೇಳಿ ಒಯ್ಯತಕ್ಕದ್ದು

ಮರೆಯುವವರು ಊರಿನವರೆಲ್ಲ, ಬೈಸಿಕೊಳ್ಳುವವನು ಮಾತ್ರ ನಾನು. ಬಸ್ ನಿಲ್ದಾಣದ ಮಹಡಿಯಲ್ಲಿ, ಪ್ರಯಾಣಿಕರು ಬಿಟ್ಟುಹೋದ ವಸ್ತುಗಳ ವಿಭಾಗಕ್ಕೆ ನಾನು ಮುಖ್ಯಸ್ಥ. (ನನ್ನ ಕೈಕೆಳಗಿರುವುದು ನಿವೃತ್ತಿಯ ಅಂಚಿನ ಒಬ್ಬ ಸಹಾಯಕ. ಅವನೂ ನನ್ನ ಮಾತು ಕೇಳುವುದಿಲ್ಲ.) ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ, ಹಲ್ಲಿನ ಸೆಟ್ಟು, ಎಲ್ಲಕ್ಕೂ ಚೀಟಿ ಸಿಕ್ಕಿಸಿ ಕಪಾಟಿನಲ್ಲಿಡುತ್ತೇವೆ. ಕಳೆದುಕೊಂಡವರು ವಸ್ತುವನ್ನು ನೋಡುವ ಮೊದಲೇ ಅದರ ಗುರುತು ಹೇಳಿ, ಪುಸ್ತಕದಲ್ಲಿ ಸಹಿ ಹಾಕಿ ಒಯ್ಯಬೇಕು.

ಒಂದು ದಿನ ಮನಶ್ಶಾಸ್ತ್ರದ ಮೇಷ್ಟ್ರೊಬ್ಬರು ಚೀಲ ಹುಡುಕಿಕೊಂಡು ಬಂದರು. ಅದರೊಳಗಿದ್ದದ್ದು ನೆನಪಿನ ಶಕ್ತಿಯ ಬಗ್ಗೆ ಅವರು ಮಾಡಬೇಕಿದ್ದ ಭಾಷಣ. ನಾನು ನಗು ನುಂಗಿಕೊಂಡೆ. ಅವರು ಗಂಭೀರವಾಗಿ ವಿವರಿಸಿದರು: ಗಮನ ಬೇರೆಡೆ ಇದ್ದರೆ ವಿಷಯ ತಲೆಯೊಳಗೆ ಇಳಿಯುವುದೇ ಇಲ್ಲ, ಹೊಸ ನೆನಪು ಹಳೆಯದನ್ನು ಪಕ್ಕಕ್ಕೆ ತಳ್ಳುತ್ತದೆ, ಕೆಲವೊಮ್ಮೆ ಮನಸ್ಸಿನ ಒಳಪದರ ತನಗೆ ಬೇಡವಾದದ್ದನ್ನು ಬೇಕೆಂದೇ ಮರೆಯುತ್ತದೆ. ಬಳಿಕ ‘ಚೀಲ ಒಂದು, ಒಳಗಿನ ವಸ್ತು ಸಹಿತ ತಲುಪಿದೆ’ ಎಂದು ನಮ್ಮ ಪದ್ಧತಿಯಂತೆ ಬರೆದು ಸಹಿ ಮಾಡಿ, ಕನ್ನಡಕವನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದರು.

ಆ ಒಳಪದರ ನನಗೆ ತುಂಬ ಹಿಡಿಸಿತು. ಮಂಗನ ಕೈಗೆ ಮಾಣಿಕ್ಯ ಸಿಕ್ಕಂತಾಯಿತು. ಡಬ್ಬಿ ಕೇಳಲು ಬಂದವನಿಗೆ, ನಿನಗೆ ಮನೆಯ ಅಡುಗೆ ಸೇರುವುದಿಲ್ಲ ಎಂದೆ. ಹಲ್ಲಿನ ಸೆಟ್ಟಿನ ಯಜಮಾನರಿಗೆ, ನಿಮಗೆ ಬದುಕಿನಲ್ಲಿ ನಗುವ ಆಸೆಯೇ ಉಳಿದಿಲ್ಲ ಎಂದೆ. ಅವರು ಹಲ್ಲು ಹಾಕಿಕೊಳ್ಳುವವರೆಗೆ ಸುಮ್ಮನಿದ್ದು, ಆಮೇಲೆ ಸ್ಪಷ್ಟವಾಗಿ ಬೈದರು.

ಶಾಸ್ತ್ರ ಮನೆಗೂ ಬಂತು. ನನ್ನವಳು ಅಡುಗೆಗೆ ಉಪ್ಪು ಮರೆತ ದಿನ, ನಿನ್ನ ಒಳಪದರಕ್ಕೆ ನನ್ನ ಮೇಲೆ ಸಿಟ್ಟಿದೆ ಎಂದೆ.

“ಒಳಗಿಂದು ಗೊತ್ತಿಲ್ಲ, ಹೊರಗಿನ ಪದರಕ್ಕಂತೂ ಇದೆ” ಎಂದು ಅವಳು ಉಪ್ಪಿನ ಡಬ್ಬಿಯನ್ನು ಕುಕ್ಕಿದಳು.

ಹೀಗಿರುವಾಗ ಆ ಸ್ವೆಟರ್ ಬಂತು. ಚಳಿ ಶುರುವಾದಾಗ ಹೆಣೆಯಲು ಕೂತ ನನ್ನವಳು ಚಳಿ ಮುಗಿಯುವ ಹೊತ್ತಿಗೆ ಮುಗಿಸಿದ್ದಳು. ಬಣ್ಣ ಅರಿಶಿನ, ಬಲತೋಳು ಎಡತೋಳಿಗಿಂತ ಉದ್ದ. ಹಾಕಿಕೊಂಡು ಹೊರಟವನು ಬಸ್ಸಿನಲ್ಲಿ ಸೆಕೆಯೆಂದು ಬಿಚ್ಚಿದೆ, ಅಲ್ಲೇ ಬಿಟ್ಟು ಇಳಿದೆ. ಮಧ್ಯಾಹ್ನ ಅದು ನೇರವಾಗಿ ನನ್ನ ಮೇಜಿಗೇ ಬಂತು. ಅದು ನನ್ನದೆಂದು ಸಹಾಯಕನಿಗೆ ಹೇಳುವುದು ಹೇಗೆ? ಅವನು ಊಟಕ್ಕೆ ಹೋದಾಗ, ಸ್ವಂತ ಸ್ವೆಟರನ್ನು ಕಳ್ಳನಂತೆ ಚೀಲಕ್ಕೆ ತುರುಕಿಕೊಂಡು ಮನೆಗೆ ತಂದೆ. ಕತ್ತಿನ ಪಟ್ಟಿಯ ಚೀಟಿ ತೆಗೆಯಲು ಮರೆತೆ.

ನನ್ನವಳು ಓದಿದಳು: ‘ಸೀಟಿನ ಕೆಳಗೆ ಸಿಕ್ಕಿದ್ದು. ವಾರಸುದಾರರಿಲ್ಲ.’

ಗಮನ ಬೇರೆಡೆ ಇತ್ತು, ಹೊಸ ನೆನಪು ಹಳೆಯದನ್ನು ತಳ್ಳಿತು ಎಂದು ಮಿಕ್ಕ ತತ್ವಗಳನ್ನೆಲ್ಲ ಒದರಿದೆ. ಅವಳು ಜಗಳವಾಡಲಿಲ್ಲ. “ಬೇಡದ್ದನ್ನೇ ಮರೀತಾರೆ ಅಂತ ನೀವೇ ಹೇಳಿದ್ರಲ್ಲ” ಎಂದು ಒಳಗೆ ಹೋದಳು. ಅವಳ ಬೈಗುಳ ನನಗೆ ಅಭ್ಯಾಸ, ಮೌನ ಅಭ್ಯಾಸವಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಭಾನುವಾರ ಅವಳ ಅಣ್ಣನ ಮನೆಗೆ ಹೊರಟೆವು. ಪ್ರಾಯಶ್ಚಿತ್ತವೆಂದು ಉರಿಬಿಸಿಲಲ್ಲೂ ಸ್ವೆಟರ್ ಹಾಕಿಕೊಂಡೆ. ಅವಳು ಮುಂದಿನ ಸೀಟಿನಲ್ಲಿ ಕೂತಳು, ನಾನು ಹಿಂದೆ. ಸೆಕೆಗೋ ಪಶ್ಚಾತ್ತಾಪಕ್ಕೋ, ನಿದ್ದೆ ಬಂತು. ಕಂಡಕ್ಟರ್ ಅಲುಗಾಡಿಸಿದಾಗ ಬಸ್ಸು ಖಾಲಿ. ಮತ್ತೆ ನಮ್ಮ ನಿಲ್ದಾಣಕ್ಕೇ ಬಂದು ನಿಂತಿತ್ತು. ನನ್ನ ಪರ್ಸು, ಫೋನು ಎರಡೂ ಅವಳ ಚೀಲದಲ್ಲಿ.

ಬಸ್ಸಿನಲ್ಲಿ ಸಿಕ್ಕಿದ್ದನ್ನು ವಿಭಾಗಕ್ಕೆ ಒಪ್ಪಿಸಬೇಕೆಂಬುದು ನಿಯಮ. (ನಾನೇ ಬರೆಸಿದ ನಿಯಮ.) ಕಂಡಕ್ಟರ್ ನನ್ನನ್ನು ಮಹಡಿಗೆ ಒಪ್ಪಿಸಿದ. ಸಹಾಯಕ ನಗದೆ ನನ್ನ ಕತ್ತಿನ ಪಟ್ಟಿಗೆ ಚೀಟಿ ಸಿಕ್ಕಿಸಿ, ಕೊಡೆಗಳ ಪಕ್ಕದ ಬೆಂಚಿನಲ್ಲಿ ಕೂರಿಸಿದ. ನಾನು ಕೂತು ಯೋಚಿಸಿದೆ: ಅವಳ ಗಮನ ಬೇರೆಡೆ ಇದ್ದಿರಬೇಕು. ಅಥವಾ ಅಣ್ಣನ ನೆನಪು ನನ್ನನ್ನು ಪಕ್ಕಕ್ಕೆ ತಳ್ಳಿರಬೇಕು. ಒಳಪದರವಂತೂ ಆಗಿರಬಾರದು, ದೇವರೇ. ಊರಿಗೆಲ್ಲ ಹಂಚಿದ ಶಾಸ್ತ್ರ ನನ್ನ ಕುತ್ತಿಗೆಗೇ ಬಂದಿತ್ತು.

ಸಂಜೆಯ ಹೊತ್ತಿಗೆ ಬಾಗಿಲಲ್ಲಿ ಅವಳ ಚಪ್ಪಲಿಯ ಸದ್ದು ಕೇಳಿತು. ಎದ್ದು ಓಡಬೇಕೆನ್ನಿಸಿತು. ಸಹಾಯಕ ಕೈ ಅಡ್ಡ ಹಿಡಿದು ಅವಳನ್ನು ಕೌಂಟರಿನ ಆಚೆಯೇ ನಿಲ್ಲಿಸಿದ.

“ಗುರುತು ಹೇಳ್ಬೇಕಮ್ಮ.”

“ಅರಿಶಿನ ಬಣ್ಣ. ಬಲತೋಳು ಉದ್ದ.”

“ಅದು ಸ್ವೆಟರಿಂದು. ಯಜಮಾನರದು?”

“ನಿದ್ದೆ ಬಂದ್ರೆ ಬಾಯಿ ತೆಗೀತಾರೆ. ಎಚ್ಚರ ಇದ್ರೆ ಮುಚ್ಚೋದಿಲ್ಲ.”

“ಸರಿಯಾಗಿದೆ” ಎಂದು ಅವನು ದಾರಿ ಬಿಟ್ಟ.

ನನ್ನನ್ನು ಮರೆತೆಯಾ ಎಂದು ಮೆಲ್ಲಗೆ ಕೇಳಿದೆ. ಇಳಿಯುವಾಗ ಭುಜ ಹಿಡಿದು ಎಬ್ಬಿಸಿದಳಂತೆ. ನಾನು “ಬಂದೆ, ನಡಿ” ಎಂದೆನಂತೆ. ಬಸ್ಸು ಹೊರಟ ಮೇಲೆ ತಿರುಗಿ ನೋಡಿದರೆ ನಾನಿಲ್ಲ. ಆಗಿನಿಂದ ಒಂದೊಂದೇ ನಿಲ್ದಾಣದಲ್ಲಿ ವಿಚಾರಿಸುತ್ತ ಬಂದಿದ್ದಳು. ಅಣ್ಣನ ಮನೆಯ ಮೆಟ್ಟಿಲನ್ನೂ ಹತ್ತಿರಲಿಲ್ಲ. ಇಷ್ಟು ಬೇಕಾದವನೆಂದು ನನಗೇ ತಿಳಿದಿರಲಿಲ್ಲ.

ಅವಳು ಪುಸ್ತಕ ಎಳೆದುಕೊಂಡು ಬರೆದು ಸಹಿ ಹಾಕಿದಳು. ನಾನು ಎದೆಯುಬ್ಬಿಸಿಕೊಂಡು ಭುಜದ ಮೇಲಿಂದ ಇಣುಕಿದೆ.

‘ಸ್ವೆಟರ್ ಒಂದು, ಒಳಗಿನ ವಸ್ತು ಸಹಿತ ತಲುಪಿದೆ.’