ನಿರ್ಗಮನಾಸ್ತ್ರ

ಕಾರು ಮಾರುವವರು ಮನುಷ್ಯರೇ ಅಲ್ಲ, ಟೈ ಕಟ್ಟಿಕೊಂಡ ಮೊಸಳೆಗಳು ಎಂಬುದು ಬಟ್ಟೆ ಅಂಗಡಿ ಯಜಮಾನರ ಖಚಿತ ಅಭಿಪ್ರಾಯ. ಕಾರು ಕೊಳ್ಳುವುದೆಂದು ನಿಶ್ಚಯವಾದಂದಿನಿಂದ ಕೂತರೂ ಅದೇ ಮಾತು, ನಿಂತರೂ ಅದೇ ಮಾತು.

"ಹೋದ ತಕ್ಷಣ ಜ್ಯೂಸ್ ಕೊಡ್ತಾರೆ. ಕುಡಿದ್ರೋ, ಕೆಟ್ರಿ! ಒಂದು ಲೋಟ ಜ್ಯೂಸಿನ ದಾಕ್ಷಿಣ್ಯಕ್ಕೆ ಬೇಡದ್ದಕ್ಕೆಲ್ಲ ತಲೆ ಆಡಿಸಬೇಕಾಗುತ್ತೆ" ಎಂದು ಹೆಂಡತಿಗೂ ಅತ್ತೆಗೂ ಪಾಠ ಹೇಳಿದರು.

"ಬಾಯಾರಿದ್ರೆ?" ಎಂದರು ಅತ್ತೆ.

"ಮನೇಲೇ ಹೊಟ್ಟೆ ತುಂಬ ನೀರು ಕುಡಿದು ಬನ್ನಿ."

"ಆಮೇಲೆ ಬಚ್ಚಲು ಎಲ್ಲಿದೆ ಅಂತ ಅವರನ್ನೇ ಕೇಳಬೇಕಲ್ಲ ಅಳಿಯಂದಿರೇ. ಅದೂ ದಾಕ್ಷಿಣ್ಯವೇ ತಾನೇ?"

ಅತ್ತೆಯ ನಾಲಿಗೆ ಇಷ್ಟು ಹರಿತವಾಗಿರುವುದಕ್ಕೆ ಕಾರಣವಿತ್ತು. ಹೋದ ಬೇಸಿಗೆಯಲ್ಲಿ ಯಜಮಾನರು ಟೇಬಲ್ ಫ್ಯಾನ್ ತರಲು ಹೋಗಿ, ಕಾಲು ಒತ್ತುವ ಯಂತ್ರವೊಂದನ್ನು ಹೊತ್ತು ತಂದಿದ್ದರು. (ಫ್ಯಾನ್ ತರಲಿಲ್ಲ. ಅದಕ್ಕೆ ದುಡ್ಡು ಉಳಿದಿರಲಿಲ್ಲ.) ಸೆಕೆಯಲ್ಲಿ ಬೆವರುತ್ತ ಕಾಲು ಒತ್ತಿಸಿಕೊಂಡ ಆ ದಿನಗಳನ್ನು ಮನೆಯಲ್ಲಿ ಯಾರೂ ಮರೆತಿರಲಿಲ್ಲ. ಆದ್ದರಿಂದ ಈ ಸಲ ಹೆಂಡತಿ ಶರತ್ತು ಹಾಕಿಯೇ ಬಿಟ್ಟಳು. ಆಕೆ ಶಿಶುವಿಹಾರದಲ್ಲಿ ಟೀಚರು. ಮಾತು ಮೆತ್ತಗೆ, ತೀರ್ಪು ಗಟ್ಟಿ.

"ರೀ, ಕಾರಿನ ಜೊತೆ ಬೇಡದ ಸಾಮಾನು ಒಂದೇ ಒಂದು ಬಂದ್ರೂ, ಇನ್ಮೇಲೆ ಈ ಮನೆಗೆ ಏನು ಕೊಳ್ಳಬೇಕಾದ್ರೂ ನಾನೇ ಕೊಳ್ಳೋದು. ನಿಮ್ಮ ಬನಿಯನ್ ಸಮೇತ!"

ಬಟ್ಟೆ ವ್ಯಾಪಾರಿಯ ಬನಿಯನ್ನನ್ನು ಹೆಂಡತಿ ಆರಿಸಿ ತರುವುದೆಂದರೇನು! ಪೇಟೆಯಲ್ಲಿ ಮುಖ ತೋರಿಸುವುದು ಹೇಗೆ! ಯಜಮಾನರು ಎದೆ ಉಬ್ಬಿಸಿದರು. "ಒಪ್ಪಿದೆ. ನನ್ನ ಹತ್ರ ಒಂದು ಅಸ್ತ್ರ ಇದೆ."

ಅಸ್ತ್ರ ಅವರ ಅಂಗಡಿಯಲ್ಲೇ ಹುಟ್ಟಿದ್ದು. ಗಿರಾಕಿ ಬಟ್ಟೆಯನ್ನು ಬಿಸಾಕಿ ಎದ್ದು ಹೊರಟನೆಂದರೆ ಯಜಮಾನರ ಜೀವ ಬಾಯಿಗೆ ಬರುತ್ತಿತ್ತು. "ಬನ್ನಿ ಬನ್ನಿ, ನಿಮಗೆ ಅಂತ ಒಂದು ರೇಟ್ ಹೇಳ್ತೀನಿ" ಎಂದು ಕೂಗದೆ ಅವರು ಯಾರನ್ನೂ ಮೆಟ್ಟಿಲು ಇಳಿಯಗೊಟ್ಟವರಲ್ಲ. ಹೋಗುವ ಗಿರಾಕಿಯ ಬೆನ್ನು ನೋಡಿ ಸುಮ್ಮನಿರುವ ಗುಂಡಿಗೆ ಲೋಕದ ಯಾವ ವ್ಯಾಪಾರಿಗೂ ಇಲ್ಲವೆಂದು ಅವರು ಸಿದ್ಧಾಂತ ಮಾಡಿಕೊಂಡಿದ್ದರು. ಹಾಗೆ ಎದ್ದು ಹೊರಡುವ ತಂತ್ರಕ್ಕೆ ನಿರ್ಗಮನಾಸ್ತ್ರವೆಂದು ನಾಮಕರಣವನ್ನೂ ಮಾಡಿದ್ದರು. ಮನೆಯ ಹಜಾರದಲ್ಲಿ ತಾಲೀಮು ನಡೆಯಿತು. ಯಜಮಾನರು ಕುರ್ಚಿಯಿಂದ ಎದ್ದು, ಕರ್ಚೀಫು ಕೊಡವಿ, ಹೊರಗೆ ನಡೆಯಬೇಕು. ಅತ್ತೆ "ಬನ್ನಿ ಬನ್ನಿ" ಎನ್ನಬೇಕು. ಅತ್ತೆ ಟೀವಿಯಲ್ಲಿ ಮುಳುಗಿ ಕರೆಯುವುದನ್ನೇ ಮರೆತದ್ದರಿಂದ ಯಜಮಾನರು ಗೇಟಿನಾಚೆ ಬಹಳ ಹೊತ್ತು ನಿಂತಿರಬೇಕಾಯಿತು. ಅದನ್ನು ಅವರು ಅಪಶಕುನವೆಂದು ತಿಳಿಯಲಿಲ್ಲ. ತಿಳಿಯಬೇಕಿತ್ತು.

ಶೋರೂಮಿನಲ್ಲಿ ಟೈ ಕಟ್ಟಿದ ತರುಣನೊಬ್ಬ ಕುರ್ಚಿ ಎಳೆದು ಕೂರಿಸಿದ. ಜ್ಯೂಸ್ ಬಂತು. ಯಜಮಾನರು ಮುಖ ತಿರುಗಿಸಿದರು. ಅತ್ತೆ ತಮ್ಮದನ್ನು ಕುಡಿದು ಅಳಿಯನದನ್ನೂ ಕುಡಿದರು.

"ಸರ್, ತಿಂಗಳಿಗೆ ಎಷ್ಟು ಕಟ್ಟೋಕೆ ಅನುಕೂಲ ಆಗುತ್ತೆ?"

"ನಾನು ಕೇಳಿದ್ದು ಕಾರಿನ ಬೆಲೆ. ನೀನು ಕೇಳ್ತಿರೋದು ನನ್ನ ಜೇಬಿನ ಆಳ!"

ತರುಣ ನಕ್ಕು, ಬೆಲೆಯ ಜೊತೆಗೆ ಕಾರಿನ ಮೈಗೆ ಬಳಿಯುವ ಲೇಪವೊಂದನ್ನು ಸೇರಿಸಿದ. "ಇದು ಕಂಪಲ್ಸರಿ ಸರ್. ಹಾಕಿಸಿದ್ರೆ ಮಳೆ ಹನಿ ಹಾಗೇ ಜಾರಿ ಹೋಗುತ್ತೆ."

"ಹಾಕಿಸದಿದ್ರೆ ಅಲ್ಲೇ ಸಂಸಾರ ಹೂಡುತ್ತಾ ಮಗಾ?" ಎಂದರು ಅತ್ತೆ.

"ಇರಿ, ನಿಮಗೋಸ್ಕರ ಮ್ಯಾನೇಜರ್ ಹತ್ರ ಜಗಳ ಆಡಿ ಬರ್ತೀನಿ" ಎಂದು ತರುಣ ಒಳಕೋಣೆಗೆ ಓಡಿದ.

ಆ ಕೋಣೆಗೆ ಗಾಜಿನ ಗೋಡೆ. ಒಳಗೆ ಮ್ಯಾನೇಜರು ಫೋನಿನಲ್ಲಿ ಆಟವಾಡುತ್ತಿದ್ದ; ತರುಣ ಪಕ್ಕದಲ್ಲಿ ನಿಂತು ಉಗುರು ಕಚ್ಚುತ್ತಿದ್ದ. ಜಗಳವೆಂದರೆ ಇಷ್ಟೇ. ಗಿರಾಕಿಯ ದುಡ್ಡು ಹೊಡೆಯುವುದು ಹಾಗಿರಲಿ, ಹೊಡೆಯುವಾಗ ಆ ಗಿರಾಕಿಯ ಬಾಯಿಂದಲೇ 'ಪಾಪ, ನಮಗಾಗಿ ಎಷ್ಟು ಒದ್ದಾಡಿದ' ಎಂದು ಹೊಗಳಿಸಿಕೊಳ್ಳುವ ಆಸೆಯೂ ಇವರಿಗಿದೆಯಲ್ಲ, ಈ ನಾಚಿಕೆಗೇಡಿತನಕ್ಕೆ ಏನೆನ್ನಬೇಕು?

ತಣ್ಣನೆಯ ಏಸಿಯಲ್ಲಿ ಇಲ್ಲದ ಬೆವರು ಒರೆಸಿಕೊಳ್ಳುತ್ತ ತರುಣ ಮರಳಿದ. "ಈ ರೇಟು ಇವತ್ತಿಗೆ ಮಾತ್ರ ಸರ್. ಈ ಬಣ್ಣದಲ್ಲಿ ಇದೊಂದೇ ಉಳಿದಿರೋದು. ಇನ್ನೊಬ್ರು ದುಡ್ಡು ಹಿಡ್ಕೊಂಡು ದಾರೀಲಿದ್ದಾರೆ."

ಸಮಯ ಬಂದಿತ್ತು. ಯಜಮಾನರು ಎದ್ದರು. ಕರ್ಚೀಫು ಕೊಡವಿದರು. "ನಮಗೆ ಬೇಡ. ನಾವು ಹೊರಟ್ವಿ!"

ತಿರುಗಿ ನೋಡದೆ ನಡೆದರು. (ತಿರುಗಿದರೆ ಅಸ್ತ್ರ ನಿಷ್ಫಲ.) ಹೊಳೆಯುವ ನೆಲ ದಾಟಿದರು, ಗಾಜಿನ ಬಾಗಿಲು ತಾನಾಗಿ ತೆರೆಯಿತು, ತಾನಾಗಿ ಮುಚ್ಚಿತು. ಬಿಸಿಲಿಗೆ ಬಿದ್ದ ಮೇಲೆ ಅವರಿಗೆ ಎರಡು ಸಂಗತಿಗಳು ತಿಳಿದವು. ಯಾರೂ ಕರೆದಿರಲಿಲ್ಲ. ಮತ್ತು 'ನಾವು' ಎಂದರೆ ಅವರೊಬ್ಬರೇ ಆಗಿದ್ದರು.

ಒಳಗೆ ಹೆಂಡತಿ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ಕೂತಿದ್ದಳು. ಏನು ನಡೆಯುತ್ತಿದೆಯೆಂದು ನೋಡಲು ಯಜಮಾನರು ಕೊಂಚ ಬಗ್ಗಿದರು. ಬಾಗಿಲು ಸರ್ರನೆ ತೆರೆದುಕೊಂಡಿತು. ಒಳಗಿನ ಮಾತೊಂದು ಹೊರಗೆ ಹಾರಿ ಬಂತು: "ಎಲ್ಲಿ ಪುಟ್ಟಾ, ನನ್ನ ಮುಖ ನೋಡ್ಕೊಂಡು ಹೇಳು. ಕಂಪಲ್ಸರಿ ಅಂತ ಯಾರು ಹೇಳಿದ್ದು?"

"ಸುಸ್ವಾಗತ ಸರ್!" ಎಂದಳು ಬಾಗಿಲಲ್ಲಿ ನಿಂತ ಹುಡುಗಿ, ಜ್ಯೂಸಿನ ತಟ್ಟೆ ಮುಂದೊಡ್ಡಿ.

"ನಾನು ಬರ್ತಾ ಇಲ್ಲಮ್ಮ, ಹೋಗ್ತಾ ಇದೀನಿ." ಹಿಂದೆ ಸರಿದರು. ಬಾಗಿಲು ಮುಚ್ಚಿತು. ಮನಸ್ಸು ತಡೆಯದೆ ಮತ್ತೆ ಬಗ್ಗಿದರು. ಸರ್ರ್!

"...ನಾನೇ ಹೇಳಿದ್ದು ಮೇಡಂ."

"ದಾರೀಲಿ ಬರ್ತಿರೋ ಆ ಇನ್ನೊಬ್ರು? ಇದಾರಾ, ಇಲ್ವಾ?"

"ಸುಸ್ವಾಗತ ಸರ್!"

"ಹೋಗ್ತಾ ಇದೀನಿ ಅಂದ್ನಲ್ಲಮ್ಮ!"

ಮತ್ತೊಮ್ಮೆ ಸರ್ರ್. "...ಇಲ್ಲ ಮೇಡಂ." "ಜಾಣ! ಈಗ ಒಂದೇ ಸಲಕ್ಕೆ ಎಲ್ಲ ಸೇರಿಸಿ ಕಾರಿನ ನಿಜವಾದ ಬೆಲೆ ಹೇಳಿಬಿಡು ನೋಡೋಣ."

"ಯಜಮಾನ್ರೇ, ಒಳಗಾದ್ರೂ ಹೋಗಿ, ಹೊರಗಾದ್ರೂ ಹೋಗಿ. ಬಾಗಿಲು ಕೆಟ್ಟುಹೋಗುತ್ತೆ" ಎಂದ ಕಾವಲುಗಾರ.

ಅವಮಾನದಿಂದ ಕೆಂಪಾಗಿ ಯಜಮಾನರು ರಸ್ತೆ ಬದಿಗೆ ಸರಿದರು. ಅಲ್ಲಿ ಟೋಪಿಯವನೊಬ್ಬ ವ್ಯಾನಿನ ಹಿಂಬಾಗಿಲು ತೆರೆದು ಕಾರಿನ ಅಲಂಕಾರ ಸಾಮಗ್ರಿ ಹರಡಿಕೊಂಡು ಕೂತಿದ್ದ.

"ಎದ್ದು ಬಂದ್ರಾ ಸಾರ್? ಸರಿಯಾಗಿ ಮಾಡಿದ್ರಿ! ಕಳ್ಳರು ಸಾರ್ ಒಳಗಿರೋರು. ಇಂಥ ಗಂಡೆದೆ ನೋಡಿ ಎಷ್ಟು ಕಾಲ ಆಯ್ತು!"

ಯಜಮಾನರ ಮುಖ ಅರಳಿತು. "ನನಗೆ ಮೋಸ ಮಾಡೋಕೆ ಯಾರಿಂದಾನೂ ಆಗಲ್ಲಪ್ಪ."

"ನೋಡಿದ್ರೇ ಗೊತ್ತಾಗುತ್ತೆ. ಒಳಗೆ ಈ ಸೀಟ್ ಕವರಿಗೆ ಎರಡರಷ್ಟು ಕೀಳ್ತಾರೆ."

ಯಜಮಾನರು ಅಷ್ಟು ಸುಲಭದ ಕುಳವೇ? "ಬೇಡ" ಎಂದು ಕರ್ಚೀಫು ಕೊಡವಿ ನಡೆದೇಬಿಟ್ಟರು.

"ಸಾರ್! ಸಾರ್! ಬನ್ನಿ ಬನ್ನಿ, ನಿಮಗೆ ಅಂತ ಒಂದು ರೇಟ್ ಹೇಳ್ತೀನಿ!"

ಆ ಸವಿನುಡಿ ಕಿವಿಗೆ ಬಿದ್ದಾಗ ಯಜಮಾನರ ಕಣ್ಣು ತುಂಬಿ ಬಂತು. ಕರೆದರು! ಕೊನೆಗೂ ಒಬ್ಬರು ಕರೆದರು! ಅಸ್ತ್ರ ಹುಸಿಯಾಗಿರಲಿಲ್ಲ, ಒಳಗಿನವರಿಗೆ ಅದರ ಮರ್ಯಾದೆ ಗೊತ್ತಿರಲಿಲ್ಲ, ಅಷ್ಟೇ. ಸೀಟ್ ಕವರು ಕೊಂಡರು. ಕಾಲ್ಚಾಪೆ ತೋರಿಸಿದ, ಬೇಡವೆಂದು ಹೊರಟರು, ಕರೆದ, ಕೊಂಡರು. ಸ್ಟೀರಿಂಗಿನ ಕವಚ, ತಲೆ ಅಲ್ಲಾಡಿಸುವ ನಾಯಿಬೊಂಬೆ, ಗುಲಾಬಿ ವಾಸನೆಯ ಸೀಸೆ... ಹೊರಟಷ್ಟು ಸಲವೂ ಅವನು ಕರೆದ, ಕರೆದಷ್ಟು ಸಲವೂ ಇವರು ಕೊಂಡರು. ಮದುವೆಯಾದ ಮೇಲೆ ಯಜಮಾನರು ಇಷ್ಟು ಸಂತೋಷಪಟ್ಟದ್ದೇ ಇಲ್ಲ.

ಅಷ್ಟರಲ್ಲಿ ಕಾರೊಂದು ಪಕ್ಕದಲ್ಲಿ ಬಂದು ನಿಂತಿತು. ಹೆಂಡತಿಯೇ ಓಡಿಸುತ್ತಿದ್ದಳು. ಪಕ್ಕದಲ್ಲಿ, ನಿಜ ಹೇಳಿ ಹಗುರಾದ ಮುಖದ ಟೈ ತರುಣ. ಹಿಂದೆ ಅತ್ತೆ.

"ಹತ್ತಿ. ಮನೆ ತನಕ ಓಡಿಸಿ ನೋಡ್ತೀನಿ, ಹಿಡಿಸಿದ್ರೆ ನಾಳೆ ಕೊಳ್ಳೋದು. ಲೇಪ ಇಲ್ಲ, ಕವರ್ ಇಲ್ಲ, ಬರೀ ಕಾರು. ಇವತ್ತಿನ ರೇಟೇ ನಾಳೆಗೂ ಅಂತೆ, ಅಲ್ವಾ ಪುಟ್ಟಾ?"

"ಹೌದು ಮೇಡಂ" ಎಂದ ತರುಣ.

ಆಮೇಲೆ ಅವಳ ಕಣ್ಣು ಗಂಡನ ತೋಳಿನ ರಾಶಿಯ ಮೇಲೆ ಬಿತ್ತು. "ಇದೇನ್ರೀ?"

"ಅರ್ಧ ಬೆಲೆಗೆ... ಅವನೇ ಕರೆದು ಕೊಟ್ಟ..."

ತರುಣ ಇಣುಕಿ ನೋಡಿ, ಈಗಷ್ಟೇ ಅಭ್ಯಾಸವಾಗಿದ್ದ ಸತ್ಯವನ್ನೇ ನುಡಿದ. "ಸರ್, ಈ ಕವರು ಏಳು ಸೀಟಿನ ಗಾಡೀದು. ನಿಮ್ಮದು ಐದು."

"ಹೆಚ್ಚಾದ ಬಟ್ಟೇಲಿ ಬನಿಯನ್ ಹೊಲಿಸಿಬಿಡೇ" ಎಂದರು ಅತ್ತೆ ಮಗಳಿಗೆ.

ಯಜಮಾನರು ಸಾಮಾನನ್ನೆಲ್ಲ ಹಿಂದಿನ ಸೀಟಿಗೆ ಸುರಿದು, "ನಾನು ಈ ಕಾರಲ್ಲಿ ಬರಲ್ಲ. ನಡ್ಕೊಂಡೇ ಹೋಗ್ತೀನಿ!" ಎಂದು ಘೋಷಿಸಿ, ಕರ್ಚೀಫು ಕೊಡವಿ ಹೊರಟರು. ನಿಧಾನವಾಗಿಯೇ ನಡೆದರು. ಕಾರು ಅವರನ್ನು ದಾಟಿಕೊಂಡು ಮೆಲ್ಲಗೆ ಮುಂದೆ ಹೋಯಿತು. ಹಿಂದಿನ ಗಾಜಿನಲ್ಲಿ ಅತ್ತೆ ಕೂರಿಸಿದ ನಾಯಿಬೊಂಬೆಯೊಂದೇ ಅವರತ್ತ ತಿರುಗಿ ಆಗಲಿ, ಆಗಲಿ ಎಂದು ತಲೆಯಾಡಿಸುತ್ತಿತ್ತು.

"ಸಾರ್! ಸಾರ್! ಬನ್ನಿ ಬನ್ನಿ!" ಹಿಂದಿನಿಂದ ಟೋಪಿಯವನ ದನಿ. "ನಡ್ಕೊಂಡು ಹೋಗೋರಿಗೆ ಅಂತಲೇ ಒಂದು ಛತ್ರಿ ಇದೆ!"

ಛತ್ರಿಯೇನೋ ಚೆನ್ನಾಗಿದೆ. ಗುಂಡಿ ಒತ್ತಿದರೆ ಫಟ್ಟೆಂದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಮಡಚಿಕೊಳ್ಳುವುದಿಲ್ಲವಾದ್ದರಿಂದ ಆ ಸಂಜೆ ಯಜಮಾನರು ಮನೆಯ ಬಾಗಿಲಲ್ಲಿ ಒಳಗೂ ಹೋಗಲಾರದೆ, ಕೊಟ್ಟ ದುಡ್ಡು ನೆನೆದು ಬಿಸಾಡಲೂ ಆರದೆ ನಿಂತಿದ್ದರು. ಕರೆಯುವುದಂತೂ ಈ ಸಲ ಎಲ್ಲರೂ ಕರೆದರು.