ಭಾವನವರ ರಿಸೀವರ್ ಹುಡುಕಾಟ

ನಮ್ಮ ಭಾವನವರಿಗೆ, ಅಂದರೆ ನನ್ನ ಯಜಮಾನರ ಅಣ್ಣನಿಗೆ, ಹೆಣ್ಣು ಒಪ್ಪಲು ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಸಾಕಾಗಿತ್ತಂತೆ. ಹೋಂ ಥಿಯೇಟರಿನ ರಿಸೀವರ್ ಒಪ್ಪಲು ಮಾತ್ರ ವರ್ಷಗಳೇ ಹಿಡಿದವು!

ರಿಸೀವರ್ ಎಂದರೆ ಟೀವಿಯ ಸದ್ದನ್ನು ಸುತ್ತಲಿನ ಸ್ಪೀಕರುಗಳಿಗೆ ಹಂಚಿಕೊಡುವ ಪೆಟ್ಟಿಗೆ. ಅದಿಲ್ಲದೆ ಸ್ಪೀಕರ್ ಉಸಿರೆತ್ತುವುದಿಲ್ಲ. ಭಾವನವರು ಮೊದಲು ತಂದದ್ದು ಸ್ಪೀಕರುಗಳನ್ನೇ, ಐದನ್ನು, ಅಗ್ಗಕ್ಕೆ ಸಿಕ್ಕವೆಂದು! ಹೊಸಕೋಟೆಯ ಅವರ ಮನೆಯ ಹಾಲ್‌ನಲ್ಲಿ ಅವು ಮುನಿಸಿಕೊಂಡ ನೆಂಟರಂತೆ ಮೂಲೆಗೊಂದು ನಿಂತವು. ನನ್ನ ವಾರಗಿತ್ತಿ ಅಕ್ಕ ಒಂದರ ಮೇಲೆ ಮನಿಪ್ಲಾಂಟ್ ಇಟ್ಟರು, ಇನ್ನೊಂದರ ಮೇಲೆ ಇಸ್ತ್ರಿಗೆ ಹೋಗುವ ಬಟ್ಟೆ.

“ಇವು ಬಾಯ್ಬಿಡೋದು ಯಾವಾಗ್ರೀ?”

“ಆತುರ ಬೇಡ ಕಣೇ. ನಮ್ ಬಜೆಟ್‌ಗೆ ಒಳ್ಳೇದು ಬರ್ಲಿ.”

“ಅಲ್ಲೀವರ್ಗೂ ನಿಮ್ ಕಿವಿ ಇರ್ಬೇಕಲ್ಲ!”

ಭಯವಿದ್ದದ್ದೇ ಅಲ್ಲಿ. ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರದ ಪಕ್ಕ ನಿಂತೂ ನಿಂತೂ ಭಾವನವರ ಎಡಗಿವಿ ಮಂದವಾಗುತ್ತಿತ್ತು. ಅದು ಪೂರ್ತಿ ಹೋದರೆ ಸದ್ದು ಯಾವ ದಿಕ್ಕಿನದೆಂದೇ ತಿಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ದಿಕ್ಕೇ ತಿಳಿಯದ ಮೇಲೆ ಮೂಲೆಗೊಂದು ಸ್ಪೀಕರ್ ಇದ್ದೇನು?

ಆದರೂ ಭಾವನವರ ರಿಸೀವರ್ ಪರೀಕ್ಷೆ ನಿಲ್ಲಲಿಲ್ಲ. ಅಂಗಡಿಗೆ ಹೋದರೆ ಅಲ್ಲಿಯ ಸಿನಿಮಾ ಬೇಡ. ಫೋನಿನಲ್ಲಿ ಗುಟ್ಟಾಗಿ ತುಂಬಿಕೊಂಡ ಅಕ್ಕನ ದನಿಯೇ ಆಗಬೇಕು. “ಒದ್ದೆ ಟವೆಲ್ನ ಮತ್ತೆ ಮಂಚದ್ ಮೇಲೇ ಎಸೆದಿದ್ದೀರಾ!” ಎಂದು ಇಡೀ ಅಂಗಡಿ ಗುಡುಗಿತಂತೆ. ಅಲ್ಲಿದ್ದ ಗಂಡಸರೆಲ್ಲ ಬೆಚ್ಚಿ ತಿರುಗಿದರಂತೆ!

“ಏನಪ್ಪಾ, ಕೋಪ ಇನ್ನೂ ಸ್ವಲ್ಪ ಹಿಂದ್ಗಡೆಯಿಂದ ಬರ್ಬೇಕಲ್ಲ?” ಎಂದರಂತೆ ಭಾವನವರು, ಅಂಗಡಿಯ ಹುಡುಗನಿಗೆ.

ಕೊನೆಗೊಂದು ಮೆಚ್ಚುಗೆಯಾಯಿತು, ಬೆಲೆಯೂ ಇಳಿದಿತ್ತು. ಆದರೆ ಅದು ಆಷಾಢದ ಆಫರ್! ಆಷಾಢದಲ್ಲಿ ಹೊಸ ವಸ್ತು ಮನೆಗೆ ತರುವುದುಂಟೇ? ಶ್ರಾವಣ ಬರುವಷ್ಟರಲ್ಲಿ ಬೆಲೆ ಮತ್ತೆ ಅಟ್ಟ ಹತ್ತಿತು. ಮುಂದಿನ ವರ್ಷವೂ ಇದೇ ಕಥೆ. ಬೆಲೆ ಇಳಿಯುವುದು ಆಷಾಢದಲ್ಲೇ, ಭಾವನವರು ಕೊಳ್ಳದಿರುವುದೂ ಆಷಾಢದಲ್ಲೇ!

ಈ ಸಲ ಅಕ್ಕ ಕಾಯಲಿಲ್ಲ. ಆಷಾಢದಲ್ಲೇ ಹೋಗಿ ಪೆಟ್ಟಿಗೆ ತಂದುಬಿಟ್ಟರು. ಅಷ್ಟರಲ್ಲಿ ಭಾವನವರ ಎಡಗಿವಿ ಪೂರ್ತಿ ಹೋಗಿತ್ತು. ಒಂದೇ ಒಂದು ಆಷಾಢ ಮೊದಲು ತಂದಿದ್ದರೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಭಾನುವಾರ ಎಲ್ಲರೂ ಸಿನಿಮಾ ನೋಡಲು ಕೂತೆವು. ಸಿನಿಮಾದ ಕುದುರೆಯೊಂದರ ಗೊರಸಿನ ಸದ್ದು ನಮ್ಮ ಬೆನ್ನ ಹಿಂದೆ ಎಡದಿಂದ ಬಲಕ್ಕೆ ಓಡಿದಂತಾಗಿ ನಾವೆಲ್ಲ ಕತ್ತು ಹೊರಳಿಸಿದೆವು. ಭಾವನವರು ಮಾತ್ರ ಟೀವಿಯನ್ನೇ ನೋಡುತ್ತಿದ್ದರು.

“ಎಲ್ಲಿಂದ ಬಂತೇ?”

ಅಕ್ಕ ಎದ್ದರು. ಅವರ ಹಿಂದೆ ಹೋಗಿ ನಿಂತು ಎಡಭುಜದ ಮೇಲೆ ಬೆರಳು ತಟ್ಟಿದರು, ಮೆಲ್ಲಗೆ ಬೆನ್ನು ದಾಟಿಸಿ ಬಲಭುಜದವರೆಗೆ ಓಡಿಸಿದರು.

“ಓಹೋ,” ಎಂದರು ಭಾವನವರು, ಕಣ್ಣು ಮುಚ್ಚಿಕೊಂಡು. “ಚೆನ್ನಾಗ್ ಓಡ್ತಿದೆ ಕಣೇ.”