ಗುಂಯ್ ಎನ್ನುವ ಪಂಪಿಗೆ ನಾಲ್ಕು ಹನಿ

ನನಗೊಂದು ಕೆಟ್ಟ ಚಟವಿದೆ. ಸಿಗರೇಟಲ್ಲ, ಇಸ್ಪೀಟೂ ಅಲ್ಲ. ಸಪ್ಪಳ ಮಾಡುವ ವಸ್ತು ಕಂಡರೆ ಎಣ್ಣೆ ಬಿಡುವುದು. ಇಳಕಲ್ಲಿನಲ್ಲಿ ಸೀರೆ ನೇಯುವ ಆರು ಪವರ್‌ಲೂಮ್ ಇಟ್ಟುಕೊಂಡವನ ಹಣೆಬರಹವೇ ಇಷ್ಟು. ಬೆಳಿಗ್ಗೆ ಬೇರೆಯವರ ಕೈಯಲ್ಲಿ ಪೇಪರ್ ಇದ್ದರೆ ನನ್ನ ಕೈಯಲ್ಲಿ ಉದ್ದ ಮೂತಿಯ ಎಣ್ಣೆ ಡಬ್ಬಿ. ಅಡುಗೆಮನೆಯಲ್ಲಿ ಕೂತೇ ಯಾವ ಮಗ್ಗ ಗೊಣಗುತ್ತಿದೆ ಎಂದು ಹೇಳಬಲ್ಲೆನೆಂಬ ಜಂಬ ಬೇರೆ. ಬಾಗಿಲು, ಮಿಕ್ಸರ್, ಹೊಲಿಗೆ ಯಂತ್ರ ಯಾವುದನ್ನೂ ಬಿಟ್ಟಿಲ್ಲ. ಒಮ್ಮೆ ಮಾವನವರ ವಾಕರಿನ ಗಾಲಿಗೂ ಬಿಟ್ಟೆ. ಆಮೇಲೆ ಅವರು ನಮ್ಮ ಮನೆಯಲ್ಲಿರುವಷ್ಟು ದಿನ ಗೋಡೆ ಹಿಡಿದೇ ನಡೆದರು.

ಕಳೆದ ಚಳಿಗಾಲದಲ್ಲಿ ಪರದೇಶದ ಕಂಪನಿಯ ಹಳೆಯ ಕಾರೊಂದನ್ನು ಕೊಂಡೆ. ಜಾಗವಿಲ್ಲದೆ ಮಗ್ಗದ ಶೆಡ್ಡಿನಲ್ಲೇ ನಿಲ್ಲಿಸಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಾನೆಟ್ಟಿನೊಳಗೆ ಏನೋ ಒಂದು ನಿಮಿಷ ಗುಂಯ್ ಎಂದು, ಆಮೇಲೆ ತಾನೇ ಸುಮ್ಮನಾಗುತ್ತಿತ್ತು. ನಾನು ಬಿಡುತ್ತೇನೆಯೇ? ಸಪ್ಪಳದ ಬೆನ್ನುಹತ್ತಿ ಪುಟ್ಟ ಪಂಪೊಂದನ್ನು ಪತ್ತೆಮಾಡಿ, ಪೈಪು ಕಿತ್ತು, ದಿನಾ ನಾಲ್ಕು ಹನಿ ಬಿಟ್ಟೆ. ಹದಿನೈದು ದಿನಕ್ಕೆ ಸಪ್ಪಳ ನಿಂತಿತು. ಹೆಂಡತಿ ಗಿರಿಜಾಳನ್ನು ಕರೆದು, "ಈಗ ಕೇಳು, ಹೆಂಗೈತಿ!" ಎಂದು ಮೀಸೆ ತಿರುವಿದೆ. ಮರುದಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು, ಮತ್ತೆ ಆರಲಿಲ್ಲ. ಹೊಗೆ ಪರೀಕ್ಷೆಯಲ್ಲೂ ಕಾರು ಫೇಲಾಯಿತು.

"ಶುಕ್ರವಾರದೊಳಗ ಆ ದೀಪ ಆರಲಿಲ್ಲಂದ್ರ ಕಾರು ನನ್ನ ತಮ್ಮಗ," ಎಂದಳು ಗಿರಿಜಾ. ಕಮತಗಿಯ ಆ ಭೂಪ ಬಂದಾಗೆಲ್ಲ ನನ್ನ ಸೀಟಿನಲ್ಲಿ ಕೂತು ಹಾರ್ನು ಬಾರಿಸಿಯೇ ಹೋಗುವವನು. ಆ ಕಾರೆಂದರೆ ನನಗೆ ಪ್ರಾಣ.

ಗುರುವಾರ ಇಬ್ಬರೂ ಬಾಗಲಕೋಟೆಗೆ ಹೋದೆವು. ಮೆಕ್ಯಾನಿಕ್ ಮೌಲಾಸಾಬರು ಪಂಪು ಬಿಚ್ಚಿ ಕೈಯಲ್ಲಿ ಹಿಡಿದು ಕೇಳಿದರು: "ಇದಕ್ಕ ಯಾರರ ಕೈ ಹಚ್ಚಿದ್ರೇನ್ರಿ?"

"ಯಾರೂ ಮುಟ್ಟಿಲ್ರಿ. ಕಂಪನಿ ಮಾಲ ಖರಾಬ್ ಐತಿ," ಎಂದೆ, ಒಂದಿಷ್ಟೂ ನಾಚದೆ.

ಅವರು ಪಂಪನ್ನು ಕುಟ್ಟಿದರು. ಒಳಗಿಂದ ಎಣ್ಣೆಯಲ್ಲಿ ತೊಯ್ದ ಕೆಂಪು ನೂಲಿನ ಉಂಡೆಯೊಂದು ಪಟಕ್ಕನೆ ಬಿತ್ತು. ಗಿರಿಜಾ ಅದನ್ನು ಎರಡು ಬೆರಳಲ್ಲಿ ಎತ್ತಿ ಮೂಸಿದಳು. "ನಮ್ಮ ಮಗ್ಗದ ಎಣ್ಣಿ. ನಮ್ಮ ಸೆರಗಿನ ನೂಲು," ಎಂದಳು. ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

"ಇದು ಗಾಳಿ ಊದೋ ಪಂಪ್ರಿ," ಎಂದರು ಮೌಲಾಸಾಬರು. "ಇಂಜಿನ್ ತಣ್ಣಗಿದ್ದಾಗ ಪೆಟ್ರೋಲು ಪೂರಾ ಸುಡಂಗಿಲ್ಲ. ಉಳಿದದ್ದು ಹೊಗಿ ಕೊಳವ್ಯಾಗ ಸುಡ್ಲಿ ಅಂತ ಇದು ಒಂದು ನಿಮಿಷ ಗಾಳಿ ಕೊಡತೈತಿ. ಗುಂಯ್ ಅಂದ್ರ ಆರಾಮ ಐತಿ ಅಂತರಿ. ನೀವು ಎಣ್ಣಿ ಬಿಟ್ರಿ, ಅದು ಮಗ್ಗದ ನೂಲೆಲ್ಲಾ ಜಗ್ಗಿ ಅಂಟಿಸ್ಕೊಂಡು ಉಸಿರುಗಟ್ಟಿ ಸತ್ತೈತಿ."

ಅಂದರೆ ಕಾಯಿಲೆಯೇ ಇಲ್ಲದವನಿಗೆ ಔಷಧಿ ಕುಡಿಸಿ ಕೊಂದಿದ್ದೆ. ಅವರು ಹೊಸ ಪಂಪು ಕೂಡಿಸಿ, ಅದರ ಪಕ್ಕದ ಎಣ್ಣೆ ಮೆತ್ತಿದ್ದ ವಾಲ್ವು ಒರೆಸಿದ ಮೇಲೆ ಸಂಜೆಯೊಳಗೆ ದೀಪ ಆರಿತು. ಕಾರು ನನ್ನ ಬಳಿಯೇ ಉಳಿಯಿತು.

ಶುಕ್ರವಾರ ಬೆಳಿಗ್ಗೆ ಸ್ಟಾರ್ಟ್ ಮಾಡಿದೆ. ಗುಂಯ್! ನನ್ನ ಕೈ ತಾನಾಗಿ ಡಬ್ಬಿ ಹುಡುಕಿತು. ಡಬ್ಬಿ ಗಿರಿಜಾಳ ಕೈಯಲ್ಲಿತ್ತು. "ಸಪ್ಪಳ ಮಾಡಿದ್ದಕ್ಕೆಲ್ಲಾ ಎಣ್ಣಿ ಬಿಡೋದಾದ್ರ, ಈ ಮನ್ಯಾಗ ಮೊದಲ ನಿಮ್ಮ ಬಾಯಾಗ ಬಿಡಬೇಕಿತ್ತು," ಎಂದಳು.

ಈಗ ದಿನಾ ಬೆಳಿಗ್ಗೆ ಪಂಪು ಒಂದು ನಿಮಿಷ ಮಾತಾಡುತ್ತದೆ. ಗಿರಿಜಾ ಪಕ್ಕದಲ್ಲಿ ಕೂತು ಕೇಳುತ್ತಾಳೆ. ನಾನು ತುಟಿ ಬಿಚ್ಚುವುದಿಲ್ಲ. ಡಬ್ಬಿ ಇನ್ನೂ ಅವಳ ಕೈಯಲ್ಲೇ ಇದೆ.